ಅದ್ಭುತಕ್ಕೆ ಬೆಲೆ ತೆರುವವರು



ಇಂದಿನ ಉಪನ್ಯಾಸದ ವಿಷಯ ಊಹಾಕಥನ ಮತ್ತು ಅದನ್ನು ಬರೆಯುವ ಕಸುಬು. ವಿಜ್ಞಾನ ಕಥೆ, ಫ್ಯಾಂಟಸಿ, ಮಾಯೆ-ರೂಪಾಂತರಗಳ ಕಥೆ, ನಾಳಿನ ದುಃಸ್ವಪ್ನಗಳನ್ನು ಚಿತ್ರಿಸುವ ಕಾದಂಬರಿ ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಈಚೆಗೆ ಸ್ಪೆಕ್ಯುಲೇಟಿವ್ ಫಿಕ್ಷನ್ ಎನ್ನುವ ಮಾತು ಬಳಕೆಗೆ ಬಂದಿದೆ. ನಾನು ಊಹಾಕಥನ ಎನ್ನುತ್ತೇನೆ. ಹೆಸರಿನ ಬಗ್ಗೆ ನನಗೆ ಹಠವಿಲ್ಲ. ಲೋಕದಲ್ಲಿ ಇಲ್ಲದ, ಇರಲಾರದ ಅಥವಾ ಇನ್ನೂ ಬಾರದ ಒಂದು ಸಂಗತಿಯನ್ನು ಇದೆಯೆಂದೇ ಒಪ್ಪಿಕೊಂಡು ಮುಂದೆ ನಡೆಯುವ ಕಥೆ ಅದು. ಇಂಥ ಕಥೆಗಳನ್ನು ಮೆಚ್ಚುವಾಗ ನಾವು ಹೆಚ್ಚಾಗಿ ಲೇಖಕರ ಕಲ್ಪನೆಯನ್ನು ಕೊಂಡಾಡುತ್ತೇವೆ: ಎಂಥ ಯಂತ್ರ, ಎಂಥ ಗ್ರಹ, ಎಂಥ ಪ್ರಾಣಿ! ಆದರೆ ಅಸಾಧ್ಯವಾದದ್ದನ್ನು ಊಹಿಸುವುದು ಅಷ್ಟೇನೂ ಕಷ್ಟವಲ್ಲ. ಮಕ್ಕಳು ದಿನವೂ ಊಹಿಸುತ್ತಾರೆ. ಆ ಅಸಾಧ್ಯ ಒಮ್ಮೆ ನಿಜವಾಗಿಬಿಟ್ಟರೆ ಅದರ ಬೆಲೆ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಕೊನೆಯವರೆಗೂ ಬಿಡದೆ ಹಿಂಬಾಲಿಸುವುದು ಕಷ್ಟ. ಊಹಾಕಥನದ ಕಸುಬಿನ ತಿರುಳು ಅಲ್ಲಿದೆ ಎಂಬುದು ನನ್ನ ವಾದ.

ನಮ್ಮ ಮನೆಯ ಸಾಕ್ಷಿಯಿಂದಲೇ ತೊಡಗುತ್ತೇನೆ. ಎ.ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಸಂಗ್ರಹಿಸಿದ ಜನಪದ ಕಥೆಗಳಲ್ಲಿ ಹೂಮರವಾಗುವ ಹುಡುಗಿಯ ಕಥೆಯೊಂದಿದೆ. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಚಿತ್ರ ಮಾಡಿದ್ದು ಇದನ್ನೇ ಆಧರಿಸಿ. 2006ರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ ಇದನ್ನು ಆಪೆರಾ ಮಾಡಿದಾಗ ಅದರ ಮೊದಲ ಪ್ರದರ್ಶನ ವಿಯೆನ್ನಾದಲ್ಲಿ ನಡೆಯಿತು. ಕೂಲಿನಾಲಿ ಮಾಡಿ ಹೆಣ್ಣುಮಕ್ಕಳನ್ನು ಸಾಕುವ ಬಡ ತಾಯಿ, ಅವಳ ಕಿರಿಮಗಳಿಗೆ ಮರವಾಗುವ ಶಕ್ತಿ. ಆ ಶಕ್ತಿ ಯಾವ ದೇವರ ವರ, ಯಾವ ಋಷಿಯ ಶಾಪ ಎಂದು ಕಥೆ ಹೇಳುವುದೇ ಇಲ್ಲ. ಅದು ಹೇಳುವುದು ವಿಧಾನವನ್ನು ಮಾತ್ರ. ಎರಡು ಕೊಡ ನೀರು ಬೇಕು. ಒಂದನ್ನು ಮೈಮೇಲೆ ಸುರಿದರೆ ಅವಳು ಮರವಾಗುತ್ತಾಳೆ. ಹೂ ಕೀಳುವಾಗ ಕುಡಿ ಮುರಿಯಬಾರದು, ಎಲೆ ಹರಿಯಬಾರದು. ಕಿತ್ತು ಮುಗಿದ ಮೇಲೆ ಎರಡನೆಯ ಕೊಡದ ನೀರು ಸುರಿದರೆ ಮತ್ತೆ ಹುಡುಗಿ. ಅಕ್ಕ ನೀರು ಸುರಿದಾಗ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಹೂ ಮಾರಿ ನಾಲ್ಕು ಕಾಸು ಬರುತ್ತದೆ. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ, ಆದರೆ ಅವನಿಗೂ ಮೊದಲು ಬೇಕಾದದ್ದು ಹೂವೇ. ಆಮೇಲೆ ನಾದಿನಿ ತನ್ನ ಗೆಳತಿಯರೊಡನೆ ಅವಳನ್ನು ತೋಪಿಗೆ ಕರೆದೊಯ್ದು, ಮರವಾಗು ಎಂದು ಪೀಡಿಸಿ, ಕೊಂಬೆರೆಂಬೆ ಮುರಿದು, ಎರಡನೆಯ ಕೊಡದ ನೀರನ್ನು ಬೇಕಾಬಿಟ್ಟಿ ಎರಚಿ ಮನೆಗೆ ಓಡುತ್ತಾಳೆ. ಹುಡುಗಿ ಕೈಕಾಲಿಲ್ಲದ ಮೈಯಾಗಿ ಅಲ್ಲೇ ಉಳಿಯುತ್ತಾಳೆ.

ಕಥೆ ಕಟ್ಟಿದ ಆ ಹೆಸರಿಲ್ಲದ ಹೆಂಗಸರ ಕುಶಲತೆಯನ್ನು ಗಮನಿಸಬೇಕು. ನಿಯಮವನ್ನು ಕೇಳುಗರಿಗೆ ಪಾಠ ಮಾಡಿ ತಿಳಿಸಿಲ್ಲ. ಹುಡುಗಿಯೇ ಬೇಡಿಕೊಳ್ಳುವ ಮಾತಿನಲ್ಲಿ ಅದು ಬರುತ್ತದೆ. ಯಾರ ಜೀವ ಆ ನಿಯಮವನ್ನು ನಂಬಿ ನಿಂತಿದೆಯೋ ಅವರ ಬಾಯಿಂದಲೇ ಬಂದಾಗ ಅದು ನಿಯಮವೂ ಹೌದು, ಭಯವೂ ಹೌದು. ಪ್ರತಿಸಲ ಮರವಾಗುವಾಗಲೂ ನಿಯಮ ಅದೇ, ಕೊಡ ಹಿಡಿದ ಕೈ ಮಾತ್ರ ಬೇರೆ: ಅಕ್ಕ, ಗಂಡ, ನಾದಿನಿ. ತವರಿನಿಂದ ಗಂಡನ ಮನೆಗೆ ಹೋಗುವ ಹೆಣ್ಣಿನ ಸ್ಥಿತಿಯೇನು ಎಂಬುದನ್ನು ಈ ಕಥೆ ಬಾಯಿಬಿಟ್ಟು ಎಲ್ಲಿಯೂ ಹೇಳುವುದಿಲ್ಲ. ಅವಳು ಮರಳಿ ಮನುಷ್ಯಳಾಗುವುದು ಇನ್ನೊಬ್ಬರ ಕೈಯಲ್ಲಿದೆ, ಆ ಕೈಗಳನ್ನು ಆರಿಸಿಕೊಳ್ಳುವ ಹಕ್ಕು ಅವಳಿಗಿಲ್ಲ ಎಂದು ಕೊಡಗಳ ಲೆಕ್ಕದಿಂದಲೇ ನಮಗೆ ಅರ್ಥವಾಗುತ್ತದೆ. ಹೂವು ಎಲ್ಲರಿಗೂ ಸಿಕ್ಕಿತು, ಗಾಯ ಅವಳೊಬ್ಬಳ ಪಾಲಿಗೆ ಬಂತು.

ಇಂಗ್ಲೆಂಡಿನ ಎಚ್.ಜಿ. ವೆಲ್ಸ್ 1897ರಲ್ಲಿ ಪ್ರಕಟಿಸಿದ ಅದೃಶ್ಯ ಮನುಷ್ಯನ ಕಾದಂಬರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಯಾರ ಕಣ್ಣಿಗೂ ಬೀಳದಂತಾಗುವುದು ಹಳೆಯ ಆಸೆ. ಗ್ರೀಕರಲ್ಲೂ ಅದರ ಕಥೆಯಿದೆ, ನಮ್ಮ ಮಾಯಾಂಜನದ ಕಥೆಗಳಲ್ಲೂ ಇದೆ. ವೆಲ್ಸ್ ಕೇಳಿದ್ದು ಮುಂದಿನ ಪ್ರಶ್ನೆಗಳನ್ನು. ಮೈ ಕಾಣುವುದಿಲ್ಲ, ಬಟ್ಟೆ ಕಾಣುತ್ತದೆ. ಹಾಗಾಗಿ ಕಥಾನಾಯಕ ಗ್ರಿಫಿನ್ ಲಂಡನ್ನಿನ ಜನವರಿಯ ಚಳಿಯಲ್ಲಿ ಬೆತ್ತಲೆ ನಡೆಯಬೇಕು. ತನ್ನ ಕಾಲು ತನಗೇ ಕಾಣದೆ ಮೆಟ್ಟಿಲಿಳಿಯುವಾಗ ಎಡವುತ್ತಾನೆ. ಕೆಸರಿನಲ್ಲಿ ಮೂಡಿದ ಹೆಜ್ಜೆಗುರುತುಗಳನ್ನು ಬೀದಿ ಹುಡುಗರು ಬೆನ್ನಟ್ಟುತ್ತಾರೆ. ನಾಯಿಗಳು ವಾಸನೆ ಹಿಡಿಯುತ್ತವೆ. ತಿಂದ ಅನ್ನ ಜೀರ್ಣವಾಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತದೆ. ಹಿಮ ಬಿದ್ದರಂತೂ ಮುಗಿಯಿತು. ಹಳ್ಳಿಯ ತಂಗುಮನೆಯಲ್ಲಿ ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು ಅಡಗಿದರೆ ಅಲ್ಲಿ ಬಾಡಿಗೆ ಬಾಕಿಯಾಗುತ್ತದೆ, ಯಜಮಾನಿ ಬಿಲ್ಲು ಕೇಳುತ್ತಾಳೆ. ಜಗತ್ತನ್ನೇ ಆಳಬಲ್ಲೆ ಎಂದುಕೊಂಡವನು ಬಾಡಿಗೆಗೆ ಕಾಸಿಲ್ಲದೆ ಪಾದ್ರಿಯ ಮನೆಗೆ ಕನ್ನ ಹಾಕುತ್ತಾನೆ. ಇನ್ನೂ ಹಿಂದಕ್ಕೆ ಹೋದರೆ, ಈ ಪ್ರಯೋಗಕ್ಕಾಗಿ ಅವನು ತನ್ನ ತಂದೆಯ ಬಳಿಯಿದ್ದ ಹಣವನ್ನೇ ಕದ್ದಿದ್ದ. ಅದು ತಂದೆಯದೂ ಆಗಿರಲಿಲ್ಲ, ಆತ ಗುಂಡು ಹಾರಿಸಿಕೊಂಡು ಸತ್ತಿದ್ದ. ಮೊದಲ ಕಂತನ್ನು ಕಟ್ಟಿದ್ದು ತಂದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹೀಗೆ ನಿಯಮ, ಲೆಕ್ಕ, ಪರಿಣಾಮ ಎನ್ನುತ್ತ ಹೋದರೆ ಅದ್ಭುತದ ಬೆರಗೇ ಸತ್ತುಹೋಗುವುದಿಲ್ಲವೆ? ವಿವರಿಸಿದ ಮೇಲೆ ಮಾಯೆ ಎಲ್ಲಿ ಉಳಿಯಿತು? ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಎರಡು ಬೇರೆ ಕೆಲಸಗಳನ್ನು ಒಂದೆಂದು ತಿಳಿದಿದೆ. ಕಾರಣ ಹೇಳುವುದು ಒಂದು, ಪರಿಣಾಮವನ್ನು ಹಿಂಬಾಲಿಸುವುದು ಇನ್ನೊಂದು. ವೆಲ್ಸ್ ಕೊಟ್ಟ ಕಾರಣ ನಿಲ್ಲುವುದಿಲ್ಲ. ಕಣ್ಣಿನ ಅಕ್ಷಿಪಟಲ ಬೆಳಕನ್ನು ಹೀರಿಕೊಂಡರೆ ಮಾತ್ರ ನೋಟ ಸಾಧ್ಯ. ಬೆಳಕು ಪೂರ್ತಿ ಹಾದುಹೋಗುವ ಮನುಷ್ಯ ಕುರುಡನಾಗಿರಬೇಕು. ರಷ್ಯದ ವಿಜ್ಞಾನ ಲೇಖಕ ಯಾಕೊವ್ ಪೆರೆಲ್‌ಮನ್ ಇದನ್ನು ಬಿಡಿಸಿ ತೋರಿಸಿದ್ದಾನೆ. ಹಾಗಿದ್ದೂ ಕಾದಂಬರಿ ಕುಸಿಯಲಿಲ್ಲ. ಕಾರಣದಲ್ಲಿ ತೂತಿದ್ದರೂ ಪರಿಣಾಮಗಳಲ್ಲಿ ತೂತಿಲ್ಲ. ಚಳಿ, ಕೆಸರು, ಬಾಡಿಗೆ ಎಲ್ಲವೂ ಸರಿಯಾಗಿವೆ. ಕಾಫ್ಕಾನ ‘ಮೆಟಮಾರ್ಫಸಿಸ್’ ಪ್ರಕಟವಾದದ್ದು 1915ರಲ್ಲಿ. ಗ್ರೆಗರ್ ಸಾಮ್ಸಾ ಏಕೆ ಕೀಟವಾದ ಎಂಬುದಕ್ಕೆ ಅಲ್ಲಿ ಅರ್ಧ ವಾಕ್ಯದ ಸಮಜಾಯಿಷಿಯೂ ಇಲ್ಲ. ಬದಲಾಗಿ ತಪ್ಪಿಹೋದ ರೈಲು, ಮನೆಬಾಗಿಲಿಗೆ ಬಂದ ಆಫೀಸಿನ ಮೇಲಧಿಕಾರಿ, ಹಾಲು ಸೇರದೆ ಹಳಸಿದ್ದೇ ರುಚಿಸುವ ನಾಲಗೆ ಇವೆ. ದುಡಿಯುವ ಒಬ್ಬನೇ ಮಗ ಹೀಗಾದ ಮೇಲೆ ಮುದಿತಂದೆ ಸಮವಸ್ತ್ರ ತೊಟ್ಟು ಕೆಲಸಕ್ಕೆ ಹೊರಡುತ್ತಾನೆ, ತಾಯಿ ಹೊಲಿಗೆ ಹಿಡಿಯುತ್ತಾಳೆ, ತಂಗಿ ಅಂಗಡಿಗೆ ಸೇರುತ್ತಾಳೆ, ಕೋಣೆಯನ್ನು ಬಾಡಿಗೆಗೆ ಕೊಡುತ್ತಾರೆ. ಒಂದು ಸಂಸಾರದ ಜಮಾಖರ್ಚು ಇಷ್ಟು ನಿಷ್ಠುರವಾಗಿ ವಾಸ್ತವವಾದಿ ಕಾದಂಬರಿಗಳಲ್ಲೂ ಸಿಗುವುದು ಅಪರೂಪ. ಬೆರಗು ಕಾರಣ ತಿಳಿಯದಿರುವುದರಿಂದ ಉಳಿಯುತ್ತದೆ, ನಂಬಿಕೆ ಪರಿಣಾಮ ತಪ್ಪದಿರುವುದರಿಂದ ಹುಟ್ಟುತ್ತದೆ. ಕಾರಣದ ವಿಷಯದಲ್ಲಿ ಲೇಖಕರಿಗೆ ಪೂರ್ತಿ ಸ್ವಾತಂತ್ರ್ಯವಿದೆ. ಪರಿಣಾಮದ ವಿಷಯದಲ್ಲಿ ಎಳ್ಳಷ್ಟೂ ಇಲ್ಲ.

ಇನ್ನು ಬೆಲೆ ತೆರುವವರು ಯಾರು ಎಂಬ ಪ್ರಶ್ನೆ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ ನೆನಪಿಗೆ ಬರಲೇಬೇಕು. ರಾಜ ಯಶೋಧರ ತಾಯಿಯ ಮಾತಿಗೆ ಕಟ್ಟುಬಿದ್ದು ಕೊಂದದ್ದು ಜೀವವಿಲ್ಲದ ಹಿಟ್ಟಿನ ಹುಂಜವನ್ನು. ಆದರೆ ಕೊಲ್ಲುವ ಸಂಕಲ್ಪವೇ ಕೊಲೆ ಎಂಬುದು ಆ ಕಾವ್ಯಲೋಕದ ನಿಯಮ, ಜನ್ನ ಅದರಲ್ಲಿ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ತಾಯಿ-ಮಗ ನಾಯಿ-ನವಿಲಾಗಿ ತಮ್ಮದೇ ಅರಮನೆಗೆ ಬರುತ್ತಾರೆ, ತಮ್ಮ ವಂಶದ ಕುಡಿಯ ಕಣ್ಣೆದುರೇ ಸಾಯುತ್ತಾರೆ, ಮತ್ತೆ ಮತ್ತೆ ಹುಟ್ಟುತ್ತಾರೆ. ಅಸಾಧ್ಯವನ್ನು ಒಪ್ಪಿಕೊಂಡು ತರ್ಕಬದ್ಧವಾಗಿ ನಡೆಯುವ ಕಲೆ ನಮಗೆ ಪಶ್ಚಿಮದಿಂದ ಬಂದದ್ದು ಎನ್ನುವವರಿಗೆ ಈ ಒಂದು ಕೃತಿ ಸಾಕು. ಆದರೂ ಇಲ್ಲಿ ಒಂದು ವ್ಯತ್ಯಾಸವನ್ನು ಹೇಳಬೇಕು. ಜನ್ನನ ಲೋಕದಲ್ಲಿ ಮಾಡಿದವರೇ ಉಣ್ಣುತ್ತಾರೆ. ಲೆಕ್ಕ ಎಷ್ಟು ಕ್ರೂರವಾದರೂ ವಿಳಾಸ ತಪ್ಪುವುದಿಲ್ಲ. ಹೂಮರದ ಕಥೆಯಲ್ಲಿ ವಿಳಾಸ ತಪ್ಪುತ್ತದೆ. ಆಧುನಿಕ ಊಹಾಕಥನ ಹುಟ್ಟಿದ್ದು ಈ ವಿಳಾಸ ತಪ್ಪಿದ ಲೆಕ್ಕವನ್ನು ದಿಟ್ಟಿಸಿ ನೋಡುವುದರಿಂದ ಎಂದು ನನ್ನ ತಿಳಿವಳಿಕೆ.

1818ರ ಜನವರಿಯಲ್ಲಿ ಲೇಖಕಿಯ ಹೆಸರಿಲ್ಲದೆ ಹೊರಬಂದ ‘ಫ್ರಾಂಕನ್‌ಸ್ಟೈನ್’ ಇದಕ್ಕೆ ಮೊದಲ ದೊಡ್ಡ ಸಾಕ್ಷಿ. ಮೇರಿ ಶೆಲ್ಲಿಗೆ ಆಗ ಇಪ್ಪತ್ತು ವರ್ಷ. ಸಿನಿಮಾಗಳು ಆ ಕೃತಿಯಿಂದ ಮಿಂಚು, ಹೊಲಿದ ಹೆಣ, ಕಿರಿಚಾಟಗಳನ್ನು ಎತ್ತಿಕೊಂಡವು. ಕಾದಂಬರಿಯಲ್ಲಿ ಜೀವ ಕೊಡುವ ಕ್ರಿಯೆಯ ವರ್ಣನೆ ಬಹಳ ಚಿಕ್ಕದು. ಲೇಖಕಿಯ ಆಸಕ್ತಿ ಆಮೇಲಿನದರಲ್ಲಿ. ಕಥಾನಾಯಕ ವಿಕ್ಟರನ ಸೃಷ್ಟಿ ಅವನ ಪುಟ್ಟ ತಮ್ಮನನ್ನು ಕೊಲ್ಲುತ್ತದೆ. ಆಪಾದನೆ ಬರುವುದು ಜಸ್ಟಿನ್ ಎಂಬ ಮನೆಗೆಲಸದ ಹುಡುಗಿಯ ಮೇಲೆ. ನಿಜವಾದ ಕೊಲೆಗಾರ ಯಾರೆಂದು ವಿಕ್ಟರನಿಗೆ ಗೊತ್ತು. ಹೇಳಿದರೆ ಹುಚ್ಚನೆಂದುಕೊಂಡಾರು ಎಂದು ಅವನು ಬಾಯಿ ಬಿಡುವುದಿಲ್ಲ. ಜಸ್ಟಿನ್ ನೇಣಿಗೇರುತ್ತಾಳೆ. ಜೀವದ ರಹಸ್ಯವನ್ನು ಭೇದಿಸಿದ ಕೀರ್ತಿಯ ಆಸೆ ಒಬ್ಬ ವಿದ್ಯಾವಂತ ಶ್ರೀಮಂತ ಯುವಕನದು, ಅದಕ್ಕಾಗಿ ನ್ಯಾಯಾಲಯದಲ್ಲಿ ತಲೆ ಕೊಟ್ಟದ್ದು ಆ ಮನೆಯ ಆಳು. ವಿಜ್ಞಾನಿಗಳ ಹೊಣೆಗಾರಿಕೆ ಕುರಿತು ಈ ಕಾದಂಬರಿಯನ್ನು ಎಷ್ಟೋ ಸಲ ಉದಾಹರಿಸುತ್ತಾರೆ. ಜಸ್ಟಿನ್ ಹೆಸರನ್ನು ಎತ್ತುವವರು ಕಡಿಮೆ. ನನಗೆ ಆ ಕೃತಿಯ ನಡುಗಂಬ ಅವಳೇ.

ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ 1979ರಲ್ಲಿ ಬರೆದ ‘ಕಿಂಡ್ರೆಡ್’ ಇದೇ ಪ್ರಶ್ನೆಯನ್ನು ಇನ್ನಷ್ಟು ಬಿಗಿಮಾಡುತ್ತದೆ. 1976ರ ಕ್ಯಾಲಿಫೋರ್ನಿಯಾದಲ್ಲಿರುವ ಡೇನಾ ಎಂಬ ಕಪ್ಪು ಯುವತಿ ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಮತ್ತೆ ಮತ್ತೆ ಸೆಳೆದೊಯ್ಯಲ್ಪಡುತ್ತಾಳೆ. ಯಂತ್ರವಿಲ್ಲ, ವಿವರಣೆಯಿಲ್ಲ, ಎರಡು ನಿಯಮಗಳಿವೆ. ರೂಫಸ್ ಎಂಬ ಬಿಳಿಯ ಒಡೆಯನ ಜೀವ ಅಪಾಯದಲ್ಲಿದ್ದಾಗ ಅವಳು ಅಲ್ಲಿಗೆ ಹೋಗುತ್ತಾಳೆ. ತನ್ನ ಜೀವವೇ ಹೋಯಿತು ಎನ್ನಿಸಿದಾಗ ಹಿಂದಿರುಗುತ್ತಾಳೆ. ಆ ರೂಫಸ್ ಅವಳ ಪೂರ್ವಜ. ಅವನು ಒಬ್ಬ ಕಪ್ಪು ಹೆಣ್ಣಿನ ಮೇಲೆ ಮಾಡುವ ಬಲಾತ್ಕಾರದಿಂದಲೇ ಡೇನಾಳ ವಂಶ ಬೆಳೆಯಬೇಕು. ತಾನು ಹುಟ್ಟಬೇಕಾದರೆ ಅವನನ್ನು ಉಳಿಸಬೇಕು. ಕೊನೆಯ ಸಲ ಹಿಂದಿರುಗುವಾಗ ಅವಳ ಎಡಗೈ ಗೋಡೆಯಲ್ಲಿ ಸಿಕ್ಕಿ ತುಂಡಾಗುತ್ತದೆ. ಇತಿಹಾಸದ ಪುಸ್ತಕ ಗುಲಾಮಗಿರಿಯ ಅಂಕಿಸಂಖ್ಯೆ ಕೊಡಬಲ್ಲದು. ಇಂದಿನ ಒಂದು ಜೀವ ಆ ಅನ್ಯಾಯದ ಫಲವೂ ಆಗಿರುವ ಇಕ್ಕಟ್ಟನ್ನು ಮೈಗೆ ತಾಗಿಸಲು ಈ ಎರಡು ಅಸಾಧ್ಯ ನಿಯಮಗಳೇ ಬೇಕಾದವು.

ಕನ್ನಡದಲ್ಲಿ ಇಂಥ ತರ್ಕದ ಉಜ್ವಲ ನಿದರ್ಶನ ಕಾರ್ನಾಡರ ‘ಹಯವದನ’. ತಲೆಗಳು ಅದಲುಬದಲಾದರೆ ಹೆಂಡತಿ ಯಾರವಳು ಎಂಬುದು ಬೇತಾಳನ ಹಳೆಯ ಒಗಟು. ತಲೆಯಿದ್ದವನವಳು ಎಂಬ ಉತ್ತರಕ್ಕೆ ಅಲ್ಲಿ ಕಥೆ ಮುಗಿಯುತ್ತದೆ. ಜರ್ಮನಿಯ ತಾಮಸ್ ಮನ್ 1940ರಲ್ಲಿ ಆ ಉತ್ತರದ ಆಚೆಗೆ ಹೋದ, ಕಾರ್ನಾಡರು 1971ರಲ್ಲಿ ಅವನಿಂದಲೂ ಮುಂದೆ ಹೋದರು. ತೀರ್ಪಾಯಿತು, ಸರಿ, ಮಾರನೆಯ ದಿನ ಬೆಳಿಗ್ಗೆ ಏನು? ಗಂಡ ದೇವದತ್ತನ ತಲೆಗೆ ಸೇರಿದ ಗೆಳೆಯ ಕಪಿಲನ ಗಟ್ಟಿಮೈ ವ್ಯಾಯಾಮವಿಲ್ಲದೆ ಮೆಲ್ಲನೆ ಮೆತ್ತಗಾಗುತ್ತದೆ. ಕಾಡಿಗೆ ಹೋದ ಕಪಿಲನ ತಲೆ ತನಗೆ ಸಿಕ್ಕ ಮೃದುವಾದ ಮೈಯನ್ನು ದುಡಿಸಿ ಕಲ್ಲುಮಾಡುತ್ತದೆ. ಆದರೆ ಆ ಮೈಗೆ ಅದರದೇ ನೆನಪುಗಳಿವೆ; ಹೆಂಡತಿ ಪದ್ಮಿನಿಯ ಸ್ಪರ್ಶ ಅದಕ್ಕೆ ಗೊತ್ತು, ಹೊತ್ತ ತಲೆಗೆ ಗೊತ್ತಿಲ್ಲ. ಈ ನೋವು ಒಗಟಿನಲ್ಲಿ ಎಲ್ಲಿಯೂ ಇರಲಿಲ್ಲ. ನಿಯಮವನ್ನು ಇನ್ನೂ ಕೆಲವು ಕಾಲ ಬದುಕಲು ಬಿಟ್ಟದ್ದರಿಂದ ಹುಟ್ಟಿತು. ಗಂಡಸರಿಬ್ಬರೂ ಕತ್ತಿ ಹಿಡಿದು ಸಾಯುತ್ತಾರೆ. ಪೂರ್ಣತೆ ಬಯಸಿದ ಪದ್ಮಿನಿ ಚಿತೆಯೇರುತ್ತಾಳೆ, ಮಾತನಾಡದ ಮಗು ಉಳಿಯುತ್ತದೆ.

ಬೆಲೆಯ ಮಾತು ದುರಂತಕ್ಕೆ ಸರಿ, ಆದರ್ಶಲೋಕದ ಕಥೆಗೆ ಹೇಗೆ ಹೊಂದುತ್ತದೆ ಎಂದು ಕೇಳಬಹುದು. ಬಂಗಾಳದ ರೊಕೆಯಾ ಸಖಾವತ್ ಹೊಸೇನ್ ಇಂಗ್ಲಿಷಿನಲ್ಲಿ ಬರೆದ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಮದರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಬಂತು. ಅಲ್ಲಿನ ಹೆಂಗಸರ ನಾಡಿನಲ್ಲಿ ಸೂರ್ಯನ ಶಾಖದಿಂದ ಅಡುಗೆಯಾಗುತ್ತದೆ, ಮೋಡದಿಂದ ನೀರು ಇಳಿಸುತ್ತಾರೆ, ಬೀದಿಗಳೆಲ್ಲ ತೋಟ. ಬೆಲೆ ಯಾರದು? ಗಂಡಸರದು; ಅವರೆಲ್ಲ ಮರ್ದಾನಾದೊಳಗೆ, ಪರದೆಯಲ್ಲಿ. ಓದುವ ಗಂಡಸು ಇದು ಅನ್ಯಾಯವಲ್ಲವೆ, ಅರ್ಧ ಜನರನ್ನು ಕೂಡಿಹಾಕಿ ಕಟ್ಟಿದ ಸುಖ ಎಂಥದು ಎಂದು ಕೇಳಿದ ಕ್ಷಣವೇ ತನ್ನ ಮನೆಯ ಜನಾನಾದ ಬಗ್ಗೆ ತೀರ್ಪು ಕೊಟ್ಟಿರುತ್ತಾನೆ. ರೊಕೆಯಾ ಬೆಲೆಯನ್ನು ಮರೆಮಾಚಿಲ್ಲ. ಅದನ್ನು ತೆರುವವರನ್ನು ಬದಲಿಸಿ, ಇಷ್ಟು ಕಾಲ ತೆತ್ತವರು ಯಾರೆಂದು ಕಾಣಿಸಿದರು.

ಭವಿಷ್ಯವನ್ನು ಸರಿಯಾಗಿ ಹೇಳಿದ್ದೇ ಇಂಥ ಸಾಹಿತ್ಯದ ಹೆಚ್ಚುಗಾರಿಕೆ ಎಂಬ ನಂಬಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಣುಬಾಂಬಿನ ಮಾತನ್ನು ವೆಲ್ಸ್ 1914ರ ಒಂದು ಕಾದಂಬರಿಯಲ್ಲೇ ಆಡಿದ್ದ. ಅದನ್ನು ಇಂದು ಸಾಹಿತ್ಯವೆಂದು ಓದುವವರು ವಿರಳ. ಅದೃಶ್ಯನಾಗುವ ವಿದ್ಯೆಯನ್ನು ಯಾರೂ ಸಾಧಿಸಿಲ್ಲ, ಗ್ರಿಫಿನ್ ಇನ್ನೂ ಓದುಗರನ್ನು ಕಾಡುತ್ತಿದ್ದಾನೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಕನ್ನಡದ ಒಳಗಿನದು. ನಮ್ಮ ಸುತ್ತ ಇಷ್ಟೊಂದು ಅನ್ಯಾಯ ಕಣ್ಣಿಗೆ ಹೊಡೆಯುವಂತೆ ಇರುವಾಗ ಅದನ್ನು ನೇರವಾಗಿ ಬರೆಯದೆ ಊಹೆಯ ಬಳಸುದಾರಿ ಏಕೆ? ದಲಿತ-ಬಂಡಾಯ ಬರಹ ಕನ್ನಡಕ್ಕೆ ಕಲಿಸಿದ್ದು ನೇರ ನುಡಿಯನ್ನು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಉತ್ತರವಾಗಿ ಒಂದು ಊಹೆಯನ್ನು ಇಲ್ಲೇ ಕಟ್ಟಿನೋಡೋಣ. ಬೆಂಗಳೂರಿನ ಒಂದು ಬಡಾವಣೆ. ಅಲ್ಲಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಕುಡಿದವರು ಆ ದಿನವೆಲ್ಲ ಸುಳ್ಳು ಹೇಳಲಾರರು. ಮೊದಲು ಹೊಳೆಯುವುದು ಪ್ರಹಸನ: ಪುಢಾರಿ ವೇದಿಕೆಯ ಮೇಲೆ ನಿಜ ಒದರುತ್ತಾನೆ, ವ್ಯಾಪಾರಿ ತೂಕದ ಮೋಸ ಒಪ್ಪಿಕೊಳ್ಳುತ್ತಾನೆ. ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುತ್ತದೆ, ಅದನ್ನು ಬಿಟ್ಟುಬಿಡಬೇಕು. ಪುಢಾರಿಯ ಮನೆಗೆ ಕ್ಯಾನ್ ನೀರು ಬರುತ್ತದೆ. ವಾರ ಕಳೆಯುವುದರೊಳಗೆ ಉಳ್ಳವರೆಲ್ಲ ಕ್ಯಾನ್ ತರಿಸುತ್ತಾರೆ. ನಲ್ಲಿ ನೀರು ಕುಡಿಯುವವರು ಇಲ್ಲದವರು ಮಾತ್ರ. ಈಗ ಬಾಡಿಗೆ ಮನೆ ಕೇಳಿಕೊಂಡು ಒಬ್ಬ ಹುಡುಗ ಬರುತ್ತಾನೆ. ಮನೆಯೊಡತಿ ಕೂರಿಸಿ, ಬಿಸಿಲಲ್ಲಿ ಬಂದಿದ್ದೀಯಪ್ಪ ಎಂದು ಒಂದು ಲೋಟ ನೀರು ಕೊಡುತ್ತಾಳೆ. ಅವನು ಕುಡಿದು ಲೋಟ ಕೆಳಗಿಡುತ್ತಾನೆ. ಆಮೇಲೆ ಅವಳು ಕೇಳುತ್ತಾಳೆ, ನೀವು ಯಾವ ಜನ? ಊರಿನಲ್ಲಿ ಕುಡಿಯುವ ನೀರನ್ನು ಮುಟ್ಟಗೊಡದ ಜಾತಿ, ನಗರದಲ್ಲಿ ನೀರು ಕುಡಿಸಿಯೇ ಅವನನ್ನು ಹೊರಗೆ ಹಾಕುತ್ತದೆ. ಸತ್ಯ ಯಾವಾಗಲೂ ಒಳ್ಳೆಯದು ಎಂದು ನಂಬಿದ ಓದುಗರು ಇಲ್ಲಿ ತಡವರಿಸುತ್ತಾರೆ. ಸುಳ್ಳು ಯಾರಿಗೆ ಚಟ, ಯಾರಿಗೆ ಆಸರೆ ಎಂದು ಯೋಚಿಸಲೇಬೇಕಾಗುತ್ತದೆ. ಇದೇ ಹುಡುಗ ಮನೆ ಸಿಗದೆ ಅಲೆಯುವ ವಾಸ್ತವದ ಕಥೆಯೂ ಬೇಕು, ಬಂದಿದೆ, ಇನ್ನೂ ಬರಬೇಕು. ಆ ಕಥೆ ನಮ್ಮ ಸಹಾನುಭೂತಿಯನ್ನು ಕೇಳುತ್ತದೆ. ಊಹೆಯ ಕಥೆ ನಾವು ಒಳ್ಳೆಯದೆಂದು ಪ್ರಶ್ನಿಸದೆ ಇಟ್ಟುಕೊಂಡ ಒಂದು ಮೌಲ್ಯವನ್ನೇ ಕಟಕಟೆಗೆ ತರುತ್ತದೆ. ದಲಿತ ಬರಹವಾದರೂ ಬರಿಯ ವರದಿಯಲ್ಲಿ ನಿಂತಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಅದರಲ್ಲಿ ದೀಪಗಳ ಆತ್ಮಗಳಾದ ಜೋತಮ್ಮಗಳು ರಾತ್ರಿ ಒಂದೆಡೆ ಕೂಡಿ ತಂತಮ್ಮ ಮನೆಗಳ ಸುದ್ದಿ ಮಾತಾಡಿಕೊಂಡವು. ಒಳಮನೆಯಲ್ಲಿ ನಡೆದದ್ದನ್ನು ಕಂಡ ಸಾಕ್ಷಿ ದೀಪವಲ್ಲದೆ ಮತ್ತೆ ಯಾವುದಿತ್ತು?

ಕೊನೆಗೆ ನಮ್ಮ ವಿಜ್ಞಾನ ಕಥೆಗಳ ಒಂದು ದೌರ್ಬಲ್ಯವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪ್ರೊಫೆಸರೊಬ್ಬರು ಶಿಷ್ಯನನ್ನು ಪ್ರಯೋಗಾಲಯಕ್ಕೆ ಕರೆದು ಎರಡು ಪುಟ ಪಾಠ ಹೇಳುತ್ತಾರೆ. ಯಂತ್ರ ಚಾಲೂ ಆಗುತ್ತದೆ, ಅಚ್ಚರಿಯಾಗುತ್ತದೆ, ಕಥೆ ಮುಗಿಯುತ್ತದೆ. ಪ್ರಯೋಗಾಲಯವನ್ನು ಗುಡಿಸುವವರು, ಅದಕ್ಕೆ ಜಮೀನು ಬಿಟ್ಟುಕೊಟ್ಟವರು ಕಾಣಿಸುವುದೇ ಇಲ್ಲ. ಇದಕ್ಕೆ ಮದ್ದು ತೇಜಸ್ವಿಯವರ ‘ಕರ್ವಾಲೊ’ದಲ್ಲಿದೆ. 1980ರ ಆ ಕಾದಂಬರಿಯ ಹಾರುವ ಓತಿ ಪೂರ್ತಿ ಅಸಾಧ್ಯದ್ದೇನಲ್ಲ, ಆದರೆ ಅದನ್ನು ತಲುಪುವ ದಾರಿ ಗಮನಾರ್ಹ: ಜೇನು ಸೊಸೈಟಿ, ಹಳ್ಳಿಗ ಮಂದಣ್ಣನ ಮದುವೆಯ ಪರದಾಟ, ಪೊಲೀಸು-ಕೋರ್ಟಿನ ಗೋಜಲು. ಕೋಟ್ಯಂತರ ವರ್ಷಗಳ ವಿಕಾಸದ ವಿಚಾರ ಮೂಡಿಗೆರೆಯ ಅಂಗಡಿ ಬೀದಿಯ ಮೂಲಕವೇ ಹಾದುಬರುತ್ತದೆ, ಅದನ್ನು ಮೊದಲು ಕಂಡದ್ದು ವಿಜ್ಞಾನಿಯಲ್ಲ, ಮಂದಣ್ಣ.

ಹಾಗಾಗಿ ಎರಡು ಕೋರಿಕೆಗಳಿವೆ. ಪತ್ರಿಕೆಗಳ, ವಿಶೇಷಾಂಕಗಳ ಸಂಪಾದಕರಲ್ಲಿ ಮೊದಲನೆಯದು: ಇಂಥ ಕಥೆ ಬಂದರೆ ದಯವಿಟ್ಟು ಅದನ್ನು ಮಕ್ಕಳ ಪುಟಕ್ಕೋ ವಿಜ್ಞಾನದ ಪುಟಕ್ಕೋ ತಳ್ಳಬೇಡಿ; ಉಳಿದ ಕಥೆಗಳ ಸಾಲಿನಲ್ಲೇ ಇಟ್ಟು, ಅಷ್ಟೇ ಕಟ್ಟುನಿಟ್ಟಾಗಿ ಓದಿ, ತಪ್ಪು ತೋರಿಸಿ. ಎರಡನೆಯದು ಬರೆಯಲು ಕೂತಿರುವ ತರುಣ ತರುಣಿಯರಲ್ಲಿ. ನಿಮ್ಮ ಕಥೆಯ ಕೊನೆಯ ಕರಡಿನಲ್ಲಿ ಅದ್ಭುತದ ಲಾಭ ಪಡೆದವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಅದಕ್ಕೆ ಬೆಲೆ ತೆತ್ತವರ ಹೆಸರುಗಳನ್ನು ಪಕ್ಕದಲ್ಲಿ ಬರೆಯಿರಿ. ಎರಡನೆಯ ಪಟ್ಟಿ ಖಾಲಿಯಿದ್ದರೆ ಕಥೆ ಇನ್ನೂ ಮುಗಿದಿಲ್ಲ. ಕಳುಹಿಸುವ ಮೊದಲು ಇನ್ನೊಮ್ಮೆ ಬರೆಯಿರಿ.